ಸತ್ಯಾಂಶ: ಸಿಪ್ಯಾಪ್‌ನಿಂದ ಶ್ವಾಸಕೋಶ ಸೋಮಾರಿಯಾಗುತ್ತದೆಯೇ?

‘ಸಿಪ್ಯಾಪ್ ಎಂದರೆ ಆಮ್ಲಜನಕದ ಯಂತ್ರ. ಒಮ್ಮೆ ಹಚ್ಚಿಕೊಂಡರೆ ಶ್ವಾಸಕೋಶ ಸೋಮಾರಿಯಾಗಿ, ಆಮೇಲೆ ಅದಿಲ್ಲದೆ ಉಸಿರೇ ಆಡುವುದಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಎರಡೂ ತಪ್ಪು. ಸಿಪ್ಯಾಪ್ ಎಂದರೆ, ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ‘ಸ್ಲೀಪ್ ಆ್ಯಪ್ನಿಯಾ’ ತೊಂದರೆಗೆ ಮಾಸ್ಕ್ ಮೂಲಕ ಗಾಳಿ ಊದುವ ಯಂತ್ರ.

ಈ ಯಂತ್ರ ಕೋಣೆಯ ಗಾಳಿಯನ್ನೇ ಸೋಸಿ, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಊದುತ್ತದೆ, ಅಷ್ಟೆ. ನಿದ್ದೆಯಲ್ಲಿ ಸಡಿಲಗೊಂಡು ಮುಚ್ಚಿಕೊಳ್ಳುವ ಗಂಟಲನ್ನು ಆ ಒತ್ತಡ ತೆರೆದಿಡುತ್ತದೆ. ಉಸಿರೆಳೆಯುವ ಕೆಲಸ ನಿಮ್ಮದೇ. ಯಂತ್ರ ಬಿಟ್ಟಾಗ ತೊಂದರೆ ಮರಳುವುದು ಚಟದಿಂದಲ್ಲ, ಗಂಟಲು ಮೊದಲಿನಂತೆಯೇ ಇರುವುದರಿಂದ. ಕನ್ನಡಕ ತೆಗೆದರೆ ಅಕ್ಷರ ಮಂಜಾಗುವುದಿಲ್ಲವೇ, ಹಾಗೆ. ತೂಕ ಚೆನ್ನಾಗಿ ಇಳಿದ ಕೆಲವರಿಗೆ ಯಂತ್ರವೇ ಬೇಡವಾಗುವುದೂ ಉಂಟು, ಆದರೆ ಅದನ್ನು ಮರುಪರೀಕ್ಷೆ ಹೇಳಬೇಕು.

ಈ ತೊಂದರೆ ಇದೆಯೇ ಎಂದು ಮನೆಯಲ್ಲೇ ಮಾಡುವ ಪರೀಕ್ಷೆಗೆ ಮೂಗಿಗೊಂದು ಸಣ್ಣ ಕೊಳವೆ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್ ಸಾಕು. ಕನಿಷ್ಠ 10 ಸೆಕೆಂಡ್ ಉಸಿರು ನಿಂತದ್ದು ಅಥವಾ ತಗ್ಗಿದ್ದು ಗಂಟೆಗೆ ಎಷ್ಟು ಸಲ ಎಂಬ ಲೆಕ್ಕವೇ ಎಎಚ್‌ಐ. ವಯಸ್ಕರಲ್ಲಿ 5ರಿಂದ 15 ಸೌಮ್ಯ, 30 ದಾಟಿದರೆ ತೀವ್ರ. ಆದರೆ ಈ ಉಪಕರಣಗಳಲ್ಲಿ ಹೆಚ್ಚಿನವು ನಿದ್ದೆಯನ್ನು ನೇರವಾಗಿ ಅಳೆಯುವುದಿಲ್ಲ. ಎಚ್ಚರವಾಗಿ ಹೊರಳಾಡಿದ ಹೊತ್ತೂ ನಿದ್ದೆಯ ಲೆಕ್ಕಕ್ಕೆ ಸೇರಿಕೊಂಡು ಗಂಟೆಯ ಸಂಖ್ಯೆ ನಿಜಕ್ಕಿಂತ ಇಳಿಯಬಹುದು. ವರದಿ ಸಾಮಾನ್ಯವಿದ್ದರೂ ಹಗಲು ತೂಕಡಿಕೆ ನಿಲ್ಲದಿದ್ದರೆ, ಮಿದುಳಿನ ಅಲೆಗಳನ್ನೂ ದಾಖಲಿಸುವ ಇಡೀ ರಾತ್ರಿಯ ಪರೀಕ್ಷೆ ಕೇಳಿ.

ಯಂತ್ರ ಬಳಸುವಾಗ ಹಲವರು ಸೋಲುವುದು ಮಾಸ್ಕ್‌ನಲ್ಲಿ. ಗಾಳಿ ಸೋರಿದರೆ ಪಟ್ಟಿಯನ್ನು ಅತಿಯಾಗಿ ಬಿಗಿಯಬೇಡಿ, ಸೋರಿಕೆ ಹೆಚ್ಚಬಹುದು. ಮಲಗಿ, ಯಂತ್ರ ಓಡುತ್ತಿರುವಾಗಲೇ ಸರಿಹೊಂದಿಸಿ. ಬಾಯಿ ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಏರಿಸಿ. ಅದಕ್ಕೆ ಡಿಸ್ಟಿಲ್ಡ್ ನೀರು, ದಿನವೂ ಹೊಸದು.