ಹಾವು ಕಚ್ಚಿ ಬದುಕಿದವರು ಮನೆಗೆ ಬಂದ ಮೇಲೆ

ಮೂಡಿಗೆರೆ, ಕಳಸ, ಕೊಪ್ಪದ ಕಡೆ ಯಾರಿಗಾದರೂ ಹಾವು ಕಚ್ಚಿದರೆ ಊರೆಲ್ಲ ಕೇಳುವುದು ಯಾವ ಹಾವು, ಎಷ್ಟು ವಯಲ್ (ಮದ್ದಿನ ಸಣ್ಣ ಬಾಟಲಿ) ಹಾಕಿದರು ಅಂತ. ಡಿಸ್ಚಾರ್ಜ್ ಆಯಿತು ಎಂದಕೂಡಲೇ ಆ ಮಾತು ಮುಗಿಯುತ್ತದೆ. ಮೂರನೇ ದಿನಕ್ಕೆ ತೋಟದಿಂದ ಮೇಸ್ತ್ರಿಯ ಫೋನು ಬರುತ್ತದೆ. ನನ್ನ ತಕರಾರು ಇದರ ಬಗ್ಗೆಯೇ. ಆಸ್ಪತ್ರೆಯಿಂದ ಬಂದ ನಂತರದ ಎರಡು ವಾರವನ್ನು ನಾವು ಚಿಕಿತ್ಸೆಯ ಭಾಗ ಎಂದೇ ಪರಿಗಣಿಸುತ್ತಿಲ್ಲ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಅದಕ್ಕೇ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ: ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ನಂತರ ಬಾಗಿಸಿ ನೋಡುವುದು. ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಟ್ಯೂಬು ಪ್ಲಾಸ್ಟಿಕ್‌ನದ್ದಾದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶ ತಪ್ಪುತ್ತದೆ. ವಿಷ ಏರಿದ್ದು ಖಚಿತವಾದರೆ ಸಾಮಾನ್ಯವಾಗಿ 8ರಿಂದ 10 ವಯಲ್ ಆಂಟಿವೆನಮ್, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಹಾಕುತ್ತಾರೆ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ, ಏಕೆಂದರೆ ಹಾವು ಬಿಡುವ ವಿಷ ಕಚ್ಚಿಸಿಕೊಂಡವರ ತೂಕ ನೋಡಿ ಕಮ್ಮಿಯಾಗುವುದಿಲ್ಲ. 6 ಗಂಟೆಯ ನಂತರ ಮತ್ತೆ ರಕ್ತ ತೆಗೆಯುತ್ತಾರೆ. ಹೆಪ್ಪುಗಟ್ಟುವ ಅಂಶಗಳನ್ನು ಲಿವರ್ ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. 'ಸುಮ್ಮನೆ ರಕ್ತ ತೆಗೀತಾನೇ ಇದ್ದಾರೆ' ಎಂದು ಸಿಟ್ಟಾಗುವ ಮನೆಯವರಿಗೆ ಈ ಲೆಕ್ಕವನ್ನು ಯಾರಾದರೂ ಬಿಡಿಸಿ ಹೇಳಬೇಕು.

ಮನೆಗೆ ಬಂದು ಸುಮಾರು ಒಂದು ವಾರಕ್ಕೆ ಕೆಲವರಿಗೆ ಜ್ವರ, ಮೈಮೇಲೆ ಗಂದೆ, ತುರಿಕೆ, ಕೀಲುನೋವು ಶುರುವಾಗುತ್ತದೆ. 'ವಿಷ ಮತ್ತೆ ಏರಿತು' ಎಂದು ಹೆದರಿ ನಾಟಿ ಮದ್ದಿಗೆ ಓಡುವುದು ಈ ಹೊತ್ತಿನಲ್ಲೇ. ಆದರೆ ಅದು ವಿಷವಲ್ಲ. ಆಂಟಿವೆನಮ್ ತಯಾರಾಗುವುದು ಕುದುರೆಯ ರಕ್ತದಿಂದ. ಆ ಪರಕೀಯ ಪ್ರೋಟೀನಿನ ವಿರುದ್ಧ ನಮ್ಮ ದೇಹ ತಡವಾಗಿ ತಿರುಗಿಬೀಳುತ್ತದೆ, ಇದಕ್ಕೆ ಸೀರಮ್ ಸಿಕ್‌ನೆಸ್ ಎನ್ನುತ್ತಾರೆ. ಅಲರ್ಜಿ ಮಾತ್ರೆ, ಬೇಕಾದರೆ ಐದಾರು ದಿನದ ಸ್ಟಿರಾಯ್ಡ್ ಕೋರ್ಸಿನಿಂದ ಕಡಿಮೆಯಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟರೂ ಎಷ್ಟೋ ಮನೆಗಳ ಗಾಬರಿ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಕಿಡ್ನಿಯದು. ಕೊಳಕುಮಂಡಲ ಕಚ್ಚಿದರೆ ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ. ಆದರೆ ಬೇಗ ಮನೆಗೆ ಬಂದವರಲ್ಲಿ, ವೈದ್ಯರಿಗೆ ಹೇಳದೆ ಎದ್ದು ಬಂದವರಲ್ಲಿ ಅದು ಮನೆಯಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಲೀಟರಿನ ಹಳೆಯ ನೀರಿನ ಬಾಟಲಿ ಇಟ್ಟುಕೊಂಡು ದಿನದ ಮೂತ್ರ ಅಳೆಯಿರಿ. 24 ಗಂಟೆಯಲ್ಲಿ 400 ಮಿ.ಲೀ.ಗಿಂತ ಕಮ್ಮಿಯಾದರೆ, ಬಣ್ಣ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದರೆ, ಮುಖ ಅಥವಾ ಪಾದ ಊದಿಕೊಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ಡಯಾಲಿಸಿಸ್ ಬೇಕಾಯಿತು ಎಂದರೆ ಜೀವನಪೂರ್ತಿ ಅಂತಲ್ಲ. ಹಲವರ ಕಿಡ್ನಿ ಕೆಲವು ವಾರಗಳಲ್ಲಿ ತಾನೇ ಕೆಲಸಕ್ಕೆ ಮರಳುತ್ತದೆ. ಈ ಅವಧಿಯಲ್ಲಿ ನಿಜಕ್ಕೂ ಹಾಳು ಮಾಡುವುದು ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಕೈಕಾಲು ಇನ್ನೂ ನೋಯುತ್ತಿರುತ್ತದೆ, ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗುತ್ತಾರೆ. ಪೆಟ್ಟು ತಿಂದ ಕಿಡ್ನಿಗೆ ಅದು ಎರಡನೇ ಪೆಟ್ಟು, ರಕ್ತಸ್ರಾವದ ಭಯವೂ ಇದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಒಂದು ವಾರಕ್ಕೆ, ಮತ್ತೆ ಒಂದು ತಿಂಗಳಿಗೆ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲೇಬೇಕು.

ಕಚ್ಚಿದ ಕೈ ಅಥವಾ ಕಾಲಿನ ಆರೈಕೆಗೂ ತಾಳ್ಮೆ ಬೇಕು. ಕೂತಾಗ ಮಲಗಿದಾಗ ದಿಂಬಿನ ಮೇಲೆ ಎತ್ತರದಲ್ಲಿಡಿ. ನೀರುಗುಳ್ಳೆ ಒಡೆಯಬೇಡಿ, ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ಊತ ಇಳಿಯತೊಡಗಿದ ಮೇಲೆ ಬೆರಳುಗಳನ್ನು ದಿನಕ್ಕೆ ನಾಲ್ಕೈದು ಬಾರಿ ನಿಧಾನವಾಗಿ ಮಡಚಿ ಬಿಡಿಸಬೇಕು. ನೋವೆಂದು ತಿಂಗಳುಗಟ್ಟಲೆ ಅಲುಗಾಡಿಸದಿದ್ದರೆ ಬೆರಳು ಸೆಟೆದುಕೊಳ್ಳುತ್ತದೆ. ಹಣ್ಣು ಕೊಯ್ಯುವ ಕೈಗೆ ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಚರ್ಮ ಕಪ್ಪಾಗಿ ವಾಸನೆ ಬಂದರೆ ಸರ್ಜನ್ ನೋಡಬೇಕು.

ಕಟ್ಟುಹಾವಿನ ಕಥೆಯೇ ಬೇರೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವ ತಪ್ಪು ನಡೆಯುವುದು ಇಲ್ಲೇ. ವೆಂಟಿಲೇಟರ್ ಹಾಕಿದ ಮೇಲೆ ರೋಗಿ ಕಣ್ಣು ಬಿಡುವುದಿಲ್ಲ, ಕೈ ಎತ್ತುವುದಿಲ್ಲ, ಬೆಳಕು ಬಿಟ್ಟರೂ ಕಣ್ಣಪಾಪೆ ಕುಗ್ಗದಿರಬಹುದು. ನೋಡಿದವರಿಗೆ ಮಿದುಳು ಸತ್ತಂತೆ ಕಾಣುತ್ತದೆ, ಆದರೆ ಒಳಗೆ ಪ್ರಜ್ಞೆ ಇರಬಹುದು, ನಮ್ಮ ಮಾತು ಕೇಳಿಸುತ್ತಿರಬಹುದು. ನರದ ತುದಿಗಳು ಮತ್ತೆ ಬೆಳೆಯುವತನಕ, ಅಂದರೆ ಕೆಲವು ದಿನ, ಕೆಲವೊಮ್ಮೆ ವಾರಕ್ಕೂ ಹೆಚ್ಚು ಕಾಲ, ಉಸಿರನ್ನು ಯಂತ್ರ ನಡೆಸಿದರೆ ಸಾಕು, ಹೆಚ್ಚಿನವರು ಪೂರ್ತಿ ಗುಣವಾಗಿ ನಡೆದು ಮನೆಗೆ ಹೋಗುತ್ತಾರೆ. ಆಸೆ ಬಿಟ್ಟು 'ಕರ್ಕೊಂಡು ಹೋಗ್ತೀವಿ' ಎಂದು ಸಹಿ ಹಾಕಬೇಡಿ, ದಯವಿಟ್ಟು.

ಮಲೆನಾಡಿನ ಮಟ್ಟಿಗೆ ಇನ್ನೊಂದು ತೊಡಕಿದೆ. ನಮ್ಮ ಆಂಟಿವೆನಮ್ ಇರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ತೋಟದ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಉಬ್ಬುಮೂಗಿನ ಗುಳಿಮಂಡಲ ಕಚ್ಚಿದರೂ ಕಿಡ್ನಿಗೆ ಏಟಾಗಬಹುದು. ಹಾಗಾಗಿ ದೂರದಿಂದ ಒಂದು ಫೋಟೊ ಸಿಕ್ಕರೆ ವೈದ್ಯರಿಗೆ ಉಪಯೋಗ. ಹಾವನ್ನು ಹೊಡೆದು ತರುವ ಅಗತ್ಯ ಮಾತ್ರ ಇಲ್ಲ.

ಮೊದಲ ಗಂಟೆಯ ಸಂಗತಿ ಬಹಳ ಜನಕ್ಕೆ ಗೊತ್ತಿದೆ: ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ಕಚ್ಚಿದ ಭಾಗಕ್ಕೆ ಮೂಳೆ ಮುರಿದವರಿಗೆ ಮಾಡುವಂತೆ ಕೋಲಿನ ಆಸರೆ ಕೊಟ್ಟು ಎತ್ತಿಕೊಂಡು ಹೋಗಿ, ನಡೆಸಬೇಡಿ. ಹಗ್ಗ ಬಿಗಿಯಬೇಡಿ. ಯಾರೋ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ತಯಾರಿ ಮಾಡಿಕೊಂಡು ಬಿಚ್ಚುತ್ತಾರೆ. ಎಸ್ಟೇಟ್ ರಸ್ತೆಗೆ 108 ಬರಲು ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ.

ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಸಾಲಿಗೆ ಸೇರಿಸಿತು, ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕಾಯಿತು. ಒಳ್ಳೆಯ ಕೆಲಸ. ಆದರೆ ಬದುಕುಳಿದವರು ಮರುಪರೀಕ್ಷೆಗೆ ಬರದಿರುವುದು ಅಜ್ಞಾನದಿಂದಲ್ಲ, ಒಂದು ದಿನದ ಕೂಲಿ ಹೋಗುತ್ತದೆ ಎಂಬ ಕಾರಣಕ್ಕೆ. ಸಕಲೇಶಪುರ, ಬೇಲೂರು, ಮೂಡಿಗೆರೆಯ ಬೆಳೆಗಾರರಲ್ಲಿ ಕೇಳುವುದಿಷ್ಟೆ: ಆ ಎರಡು ಮರುಭೇಟಿಯ ದಿನಕ್ಕೆ ಕೂಲಿ ಕೊಡಿ, ಜೀಪಿನಲ್ಲಿ ಕಳಿಸಿಕೊಡಿ. ಡಿಸ್ಚಾರ್ಜ್ ಚೀಟಿ, ಎಷ್ಟು ವಯಲ್ ಹಾಕಿದರೆಂಬ ವಿವರ, ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ಒಂದೇ ಕವರಿನಲ್ಲಿ ಜೊತೆಗಿರಲಿ. ತಿಂಗಳುಗಳು ಕಳೆದರೂ ವಿಪರೀತ ಸುಸ್ತು, ಬಿಪಿ ಕಮ್ಮಿ, ಹೆಂಗಸರಿಗೆ ಮುಟ್ಟು ನಿಂತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕೊಳಕುಮಂಡಲದ ವಿಷ ಅಪರೂಪಕ್ಕೆ ಮಿದುಳಿನ ಬುಡದಲ್ಲಿರುವ, ಹಾರ್ಮೋನ್ ಸ್ರವಿಸುವ ಪಿಟ್ಯುಟರಿ ಗ್ರಂಥಿಯನ್ನು ಹಾಳುಮಾಡುತ್ತದೆ, ಹಾರ್ಮೋನ್ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರೆ ಅದಕ್ಕೂ ಪರಿಹಾರವಿದೆ.