ಕಿರ್ಗಿಸ್ತಾನಕ್ಕೆ ಬರುವಾಗ ಅವಸರ ಬೇಡ

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ನೆಲೆಸಿರುವ ನನ್ನನ್ನು ಊರಿನವರು ಮೊದಲು ಕೇಳುವುದೇ ಇದು: "ನಾಲ್ಕು ದಿನದಲ್ಲಿ ಎಷ್ಟು ಜಾಗ ಆಗುತ್ತೆ?" ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ರಾತ್ರಿ ಧರ್ಮಸ್ಥಳ ಎಂದು ತಿರುಗಿ ರೂಢಿಯಾದವರು ನಾವು. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವಿಸ್ತೀರ್ಣದಲ್ಲಿ ಈ ದೇಶ ಕರ್ನಾಟಕಕ್ಕಿಂತ ತುಸುವೇ ದೊಡ್ಡದು, ಸುಮಾರು 2 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಮಾತ್ರ 70 ಲಕ್ಷದ ಆಸುಪಾಸು, ಬೆಂಗಳೂರಿಗಿಂತಲೂ ಕಡಿಮೆ. ನೆಲದ ಹೆಚ್ಚಿನ ಪಾಲು ತಿಯೆನ್ ಶಾನ್ ಪರ್ವತಗಳದ್ದು. ನಮ್ಮ ಮುಳ್ಳಯ್ಯನಗಿರಿಯ ತುದಿ 2,000 ಮೀಟರ್ ಮುಟ್ಟುವುದಿಲ್ಲ; ಇಲ್ಲಿ ಇಸಿಕ್-ಕುಲ್ ಸರೋವರದ ನೀರೇ 1,600 ಮೀಟರ್ ಎತ್ತರದಲ್ಲಿದೆ. ತುಸು ಉಪ್ಪಾದ ಆ ನೀರು ಕಡು ಚಳಿಗಾಲದಲ್ಲೂ ಹೆಪ್ಪುಗಟ್ಟದು. ಬಿಷ್ಕೆಕ್‌ನಿಂದ ದಕ್ಷಿಣದ ಓಶ್ ನಗರಕ್ಕೆ 600 ಕಿಲೋಮೀಟರ್‌ಗೂ ಹೆಚ್ಚು ದಾರಿ. ನಡುವೆ 3,000 ಮೀಟರ್ ಮೀರಿದ ಘಟ್ಟಗಳನ್ನು ದಾಟಬೇಕು. ಆ ಒಂದು ದಿನ ರಸ್ತೆಗೇ ಮೀಸಲು.

ಹಾಗಾಗಿ ನನ್ನ ಒತ್ತಾಯ ಇಷ್ಟೇ: ಜಾಗ ಕಡಿಮೆ ಮಾಡಿ, ದಿನ ಹೆಚ್ಚಿಸಿ. ಬೇಸಿಗೆಯಲ್ಲಿ ಕುರಿ, ಕುದುರೆಗಳೊಡನೆ ಜನ ಜೈಲೂಗಳಿಗೆ, ಅಂದರೆ ಬೆಟ್ಟದ ಮೇಲಿನ ಹುಲ್ಲುಗಾವಲುಗಳಿಗೆ ಹೋಗುತ್ತಾರೆ. ಸೋನ್-ಕುಲ್ ಸರೋವರದ ದಂಡೆಯಲ್ಲಿ ಅವರ ಉಣ್ಣೆಯ ಗುಡಾರದಲ್ಲೇ ಎರಡು ರಾತ್ರಿ ಉಳಿಯಿರಿ. ಅದು 3,000 ಮೀಟರ್ ಎತ್ತರ. ಜುಲೈನಲ್ಲೂ ಸ್ವೆಟರ್ ಬೇಕು, ಮೊದಲ ದಿನ ಓಡಾಟ ಕಡಿಮೆ ಇರಲಿ.

ಅಲ್ಲಿ ಚಹಾ ಕೊಡುವಾಗ ಬಟ್ಟಲು ತುಂಬಿಸುವುದಿಲ್ಲ. ನಮ್ಮಲ್ಲಿ ಹಾಗೆ ಕೊಟ್ಟರೆ ಜಿಪುಣತನ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಆದರ. ಸ್ವಲ್ಪ ಸ್ವಲ್ಪವೇ ಹಾಕಿದರೆ ಚಹಾ ಬಿಸಿಯಾಗಿರುತ್ತದೆ, ಮನೆಯಾಕೆ ಮತ್ತೆ ಮತ್ತೆ ಬಟ್ಟಲು ಕೇಳಿ ತುಂಬಿಕೊಡುತ್ತಾಳೆ, ಮಾತು ಬೆಳೆಯುತ್ತದೆ. ನಮ್ಮ ಉಪಚಾರಕ್ಕಿಂತ ಈ ರೀತಿ ನನಗೆ ಹೆಚ್ಚು ಹಿಡಿಸಿದೆ. ರೊಟ್ಟಿಯನ್ನು ಬೋರಲಾಗಿ ಇಡಬೇಡಿ, ನೆಲಕ್ಕೆ ಹಾಕಬೇಡಿ. ಅನ್ನ ತುಳಿಯಬಾರದು ಎಂದು ಕಲಿತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಪ್ಪಲಿ ಹೊರಗೇ ಬಿಡುವುದು, ಹಿರಿಯರಿಗೆ ಮೊದಲ ಜಾಗ ಕೊಡುವುದು ನಮ್ಮ ಹಾಗೆಯೇ.

ಹಣ ಸೋಮ್, ಹಳ್ಳಿಗೆ ಹೋಗುವಾಗ ನಗದು ಇಟ್ಟುಕೊಳ್ಳಿ. ಗಡಿಯಾರ ಅರ್ಧ ಗಂಟೆ ಮುಂದಿಟ್ಟರೆ ಸಾಕು. ಕಿರ್ಗಿಜ್ ಜೊತೆಗೆ ರಷ್ಯನ್ ಭಾಷೆಯೂ ಬಹಳ ಕಡೆ ನಡೆಯುತ್ತದೆ. ಊಟದಲ್ಲಿ ಮಾಂಸವೇ ಮುಖ್ಯ. ಸಸ್ಯಾಹಾರಿಗಳು ಉಳಿಯುವ ಮನೆಯವರಿಗೆ ಮುಂಚೆಯೇ ತಿಳಿಸಿ. ರೊಟ್ಟಿ, ಕೆನೆ, ಹಣ್ಣಿನ ಜಾಮ್, ಟೊಮೆಟೊ-ಸೌತೆಕಾಯಿ ಸಿಗುತ್ತವೆ. ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ತಂದುಕೊಳ್ಳಿ.