ಮನೆಯ ಲೆಕ್ಕ ಮನೆಯವರ ಕೈಯಲ್ಲೇ ಇರಲಿ

ಮನೆಯ ಜಮಾ-ಖರ್ಚು ಬರೆದಿಡೋಕೆ ಯಾವ ಆ್ಯಪ್ ಒಳ್ಳೆಯದು ಅಂತ ಗೆಳೆಯರು ಆಗಾಗ ಕೇಳುತ್ತಾರೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಾಳೆ ಆ ಆ್ಯಪ್ ಬೇಡವಾದರೆ, ಅಥವಾ ಅದೇ ನಿಂತುಹೋದರೆ, ನಿಮ್ಮ ಲೆಕ್ಕವನ್ನೆಲ್ಲ ಅದರಿಂದ ಹೊರಗೆ ತೆಗೆಯೋಕೆ ಬರುತ್ತಾ? ಹೆಚ್ಚಿನವರು ಇದನ್ನು ನೋಡಿರುವುದಿಲ್ಲ. ಫ್ರೀ ಇದೆಯಾ, ಬ್ಯಾಂಕಿನ ವ್ಯವಹಾರವನ್ನು ತಾನೇ ಎಳೆದುಕೊಳ್ಳುತ್ತಾ, ಚಾರ್ಟ್ ಚೆನ್ನಾಗಿದೆಯಾ ಅಂತಷ್ಟೇ ನೋಡಿರುತ್ತಾರೆ. ನನ್ನ ಮಟ್ಟಿಗೆ ಅವೆಲ್ಲ ಆಮೇಲಿನ ಮಾತು.

ಇದು ಸುಮ್ನೆ ಹೆದರಿಸುವ ಮಾತಲ್ಲ, ಈಗಾಗಲೇ ಆಗಿಹೋಗಿದೆ. ಮಿಂಟ್ ಅನ್ನುವ ಸೇವೆ 2007ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್, ಸಾಲ ಎಲ್ಲವನ್ನೂ ಒಮ್ಮೆ ಜೋಡಿಸಿದರೆ ಸಾಕು, ಖರ್ಚೆಲ್ಲ ತಾನಾಗಿ ಬಂದು ಬಾಬ್ತುವಾರು ಕೂರುತ್ತಿತ್ತು. ದುಡ್ಡೂ ಕೊಡಬೇಕಿರಲಿಲ್ಲ. ಎರಡೇ ವರ್ಷದಲ್ಲಿ, 2009ರಲ್ಲಿ, ಇಂಟ್ಯೂಟ್ ಕಂಪನಿ ಅದನ್ನು 17 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಲಕ್ಷಾಂತರ ಜನ ಅದನ್ನೇ ನಂಬಿಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಮಿಂಟ್ ಮುಚ್ಚಿತು. ಅದೇ ಕಂಪನಿಯ ಕ್ರೆಡಿಟ್ ಕರ್ಮ ಅನ್ನುವ ಇನ್ನೊಂದು ಸೇವೆಗೆ ಹೋಗಿ ಅಂದರು. ಆದರೆ ತಿಂಗಳ ಬಜೆಟ್ ಹಾಕುವ ಸೌಲಭ್ಯವೇ ಆಗ ಅಲ್ಲಿ ಇರಲಿಲ್ಲ. ಬಜೆಟ್‌ಗೆಂದೇ ಬಂದವರು ಏನು ಮಾಡಬೇಕು?

ಇದರ ಪಕ್ಕದಲ್ಲಿ ಮೈಕ್ರೋಸಾಫ್ಟ್ ಮನಿಯನ್ನು ಇಟ್ಟು ನೋಡಿ. 1991ರಲ್ಲಿ ಬಂದ ಸಾಫ್ಟ್‌ವೇರ್ ಅದು. 2009ರಲ್ಲಿ ಮಾರಾಟ ನಿಂತಿತು. ಆದರೆ 2010ರಲ್ಲಿ ಮೈಕ್ರೋಸಾಫ್ಟ್ ಕೊನೆಯದಾಗಿ ಒಂದು ಆವೃತ್ತಿಯನ್ನು ಉಚಿತವಾಗಿ ಬಿಟ್ಟಿತು. ಅದಕ್ಕೆ ಆ್ಯಕ್ಟಿವೇಷನ್, ಅಂದರೆ ಕಂಪನಿಯಿಂದ ಆನ್‌ಲೈನ್ ಒಪ್ಪಿಗೆ, ಬೇಕಿರಲಿಲ್ಲ. ಜನರ ಲೆಕ್ಕದ ಫೈಲ್ ಅವರವರ ಕಂಪ್ಯೂಟರಿನಲ್ಲೇ ಇತ್ತು. ಹಾಗಾಗಿ ಮಾರಾಟ ನಿಂತ ಮೇಲೂ ಹಳೆಯ ವರ್ಷಗಳ ಲೆಕ್ಕ ತೆರೆದು ನೋಡಬಹುದಿತ್ತು. ಎರಡೂ ನಿಂತುಹೋದ ಸಾಫ್ಟ್‌ವೇರ್‌ಗಳೇ, ಆದರೆ ನಿಂತ ಮರುದಿನ ಮನೆಯವರ ಪರಿಸ್ಥಿತಿ ಒಂದೇ ಅಲ್ಲ.

ಅದಕ್ಕೇ ನಾನು ಫೈಲ್ ಬಗ್ಗೆ ಇಷ್ಟು ಹಟ ಹಿಡಿಯುತ್ತೇನೆ. ಸಿಎಸ್‌ವಿ ಆಗಲಿ, ಕ್ಯೂಐಎಫ್ ಆಗಲಿ, ಒಎಫ್ಎಕ್ಸ್ ಆಗಲಿ, ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಲೆಕ್ಕ ಹೊರಗೆ ಬರಬೇಕು. ಪಿಡಿಎಫ್ ಮಾತ್ರ ಕೊಡುವ ಆ್ಯಪ್ ಸಾಲದು. ಅದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಡೆ ನೆಟ್ಟಗೆ ಸೇರುವುದಿಲ್ಲ.

ನಾನು ಬಳಸುವುದು ಗ್ನೂಕ್ಯಾಶ್. ಅದರ ಮೊದಲ ಸ್ಥಿರ ಆವೃತ್ತಿ ಬಂದಿದ್ದು 1998ರಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಸ್ವತಂತ್ರ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ನೋಡೋಕೆ ಅಷ್ಟೇನೂ ಚಂದ ಇಲ್ಲ, ಆದರೆ ಫೈಲ್ ನನ್ನ ಬಳಿ ಇರುತ್ತದೆ. ಇನ್ನೂ ಸರಳವಾಗಿ ಬೇಕು ಅನ್ನುವವರಿಗೆ ಸ್ಪ್ರೆಡ್‌ಶೀಟ್ ಧಾರಾಳ ಸಾಕು. ಪ್ರೋಗ್ರಾಮಿಂಗ್ ಬಲ್ಲವರು ಲೆಡ್ಜರ್ ಅನ್ನುವ ಸಾಫ್ಟ್‌ವೇರ್ ನೋಡಬಹುದು. ಜಾನ್ ವೀಗ್ಲಿ 2003ರಲ್ಲಿ ಶುರುಮಾಡಿದ್ದು. ಅದರಲ್ಲಿ ಇಡೀ ಲೆಕ್ಕ ಒಂದು ಸಾದಾ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ.

ಗ್ನೂಕ್ಯಾಶ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಡಬಲ್ ಎಂಟ್ರಿ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವುದು. ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದ, ಅಲ್ಲಿನ ವ್ಯಾಪಾರಿಗಳು ಅದಾಗಲೇ ಬಳಸುತ್ತಿದ್ದ ಪದ್ಧತಿ. ಒಂದು ಕಡೆಯಿಂದ ಹೋದ ದುಡ್ಡು ಇನ್ನೊಂದು ಕಡೆ ಕಾಣಲೇಬೇಕು. ಮನೆಗೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ಸಾಮಾನು ಕೊಂಡ ದಿನ ಖರ್ಚು ಅಂತ ಬರೆಯುತ್ತೀರಿ. ಬಿಲ್ ಬಂದಾಗ ಬ್ಯಾಂಕಿನಿಂದ ಕಟ್ಟುತ್ತೀರಿ, ಅದೂ ಖರ್ಚು ಅಂತ ಸೇರುತ್ತದೆ. ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಹೋದ ಹಾಗೆ ಆಯಿತು. ಡಬಲ್ ಎಂಟ್ರಿಯಲ್ಲಿ ಕಾರ್ಡ್ ಅನ್ನುವುದು ಒಂದು ಸಾಲದ ಖಾತೆ. ಬಿಲ್ ಕಟ್ಟುವುದು ಆ ಸಾಲ ತೀರಿಸುವುದೇ ಹೊರತು ಹೊಸ ಖರ್ಚಲ್ಲ. ಸಾದಾ ಖರ್ಚಿನ ಆ್ಯಪ್ ಬಳಸುವವರೂ ಇದೊಂದನ್ನು ಸರಿಯಾಗಿ ನೋಡಿಕೊಂಡರೆ ತಿಂಗಳ ಲೆಕ್ಕ ಅರ್ಧ ನೇರವಾಗುತ್ತದೆ.

ಸಾಲದ ಕಂತೂ ಹಾಗೆಯೇ. ಕಂತು ಪೂರ್ತಿ ಖರ್ಚಲ್ಲ. ಬಡ್ಡಿ ಮಾತ್ರ ಖರ್ಚು, ಅಸಲಿಗೆ ಹೋದದ್ದು ಸಾಲವನ್ನು ಇಳಿಸುತ್ತದೆ. ಇವೆರಡನ್ನೂ ಬೇರೆ ಬೇರೆ ಬರೆದು ನೋಡಿ. ದೀರ್ಘಕಾಲದ ಸಾಲದಲ್ಲಿ ಮೊದಲ ವರ್ಷಗಳ ಕಂತಿನ ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿರುತ್ತದೆ. ಕಂತಿನ ಮೊತ್ತ ಪ್ರತಿ ತಿಂಗಳೂ ಒಂದೇ ಆಗಿರುವುದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕೈಗೆ ಸ್ವಲ್ಪ ಹೆಚ್ಚು ದುಡ್ಡು ಬಂದಾಗ ಸಾಲಕ್ಕೆ ಕಟ್ಟಬೇಕಾ, ಬೇರೆ ಕಡೆ ಹಾಕಬೇಕಾ ಅನ್ನುವ ಮಾತು ಮನೆಯಲ್ಲಿ ಬಂದರೆ, ಈ ಲೆಕ್ಕ ಮುಂದಿಟ್ಟುಕೊಂಡು ಮಾತಾಡಬಹುದು.

ಈಗ ಜಗಳ ಬರಬಹುದಾದ ವಿಷಯಕ್ಕೆ ಬರುತ್ತೇನೆ. ಖರ್ಚನ್ನು ಕೈಯಿಂದಲೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ತಾನಾಗಿ ಬರುವಾಗ ಯಾಕೆ ಬೆರಳು ನೋಯಿಸಿಕೊಳ್ಳಬೇಕು ಅಂತ ಕೇಳುತ್ತಾರೆ. ತಾನಾಗಿ ಬರುವುದು ಬ್ಯಾಂಕಿಗೆ ಗೊತ್ತಿರುವಷ್ಟು ಮಾತ್ರ. ದೊಡ್ಡ ಅಂಗಡಿಯ ಒಂದೇ ಬಿಲ್ಲಿನಲ್ಲಿ ದಿನಸಿ, ಮಗುವಿನ ಬಟ್ಟೆ, ಔಷಧಿ ಎಲ್ಲ ಇರುತ್ತದೆ. ಬ್ಯಾಂಕಿಗೆ ಕಾಣುವುದು ಅಂಗಡಿಯ ಹೆಸರು ಮತ್ತು ಮೊತ್ತ. ಆ್ಯಪ್ ಅಷ್ಟನ್ನೂ ದಿನಸಿಗೆ ಹಾಕಿಬಿಡುತ್ತದೆ. ಎಟಿಎಂನಿಂದ ತೆಗೆದ ನಗದು ಒಂದೇ ಸಾಲಾಗಿ ಬರುತ್ತದೆ, ಅದು ಎಲ್ಲಿ ಹೋಯಿತು ಅಂತ ಆ್ಯಪ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಚಾರ್ಟ್ ಮಾತ್ರ ಎಲ್ಲ ಗೊತ್ತಿರುವ ಹಾಗೆ ಕಾಣುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಬರೆಯುವ ಆ ಕ್ಷಣದಲ್ಲಿ ಖರ್ಚು ಒಮ್ಮೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಇದು ಬೇಕಿತ್ತಾ ಅಂತ ಯಾರೂ ಕೇಳದೇನೇ ಒಳಗೆ ಕೇಳಿಸುತ್ತದೆ. ತಿಂಗಳ ಕೊನೆಯ ಚಾರ್ಟ್ ಆ ಕೆಲಸ ಮಾಡಲಾರದು, ಅಷ್ಟು ಹೊತ್ತಿಗೆ ದುಡ್ಡು ಹೋಗಿಯಾಗಿರುತ್ತದೆ.

ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಡ ಅಂತಲ್ಲ. ಬೇಕು, ಆದರೆ ತಾಳೆ ನೋಡೋಕೆ. ನಾವು ಬರೆದ ಶಿಲ್ಕು, ಬ್ಯಾಂಕ್ ತೋರಿಸುವ ಶಿಲ್ಕು ಎರಡೂ ಒಂದೇ ಇದೆಯಾ ಅಂತ ನೋಡಬೇಕು. ನಾವೇ ಬರೆದಿದ್ದರೆ ಮಾತ್ರ ತಾಳೆಗೆ ಅರ್ಥ, ಅಲ್ವಾ? ಅಲ್ಲಿಂದಲೇ ತಂದ ಅಂಕಿಯನ್ನು ಅಲ್ಲಿಗೇ ಹಿಡಿದು ನೋಡಿದರೆ ಏನು ಸಿಗುತ್ತದೆ? ಎಂದೋ ಮರೆತ ಚಂದಾ ತಿಂಗಳು ತಿಂಗಳು ಕಡಿತವಾಗುತ್ತಿರುವುದು, ಗೊತ್ತಿಲ್ಲದ ಶುಲ್ಕ ಹಾಕಿರುವುದು, ವಾಪಸ್ ಬರಬೇಕಿದ್ದ ದುಡ್ಡು ಬಾರದೇ ಇರುವುದು, ಇವೆಲ್ಲ ಸಿಕ್ಕಿಬೀಳುವುದು ತಾಳೆಯಲ್ಲೇ.

ಬಜೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೆಸ್ಸಿ ಮೆಕಮ್ 2004ರಲ್ಲಿ ಒಂದು ಸ್ಪ್ರೆಡ್‌ಶೀಟ್ ಆಗಿ ಶುರುಮಾಡಿದ ವೈನ್ಯಾಬ್ ಅನ್ನುವ ಬಜೆಟ್ ಆ್ಯಪ್‌ನ ಮುಖ್ಯ ನಿಯಮ ನನಗೆ ಒಪ್ಪಿಗೆ. ಕೈಯಲ್ಲಿ ಈಗ ಇರುವ ದುಡ್ಡನ್ನು ಮಾತ್ರ ಹಂಚಬೇಕು, ಅದರ ಪ್ರತಿ ಪಾಲಿಗೂ ಒಂದು ಕೆಲಸ ಹೇಳಿಬಿಡಬೇಕು. ಬರಲಿರುವ ಸಂಬಳವನ್ನು ಈಗಲೇ ಹಂಚಬಾರದು. ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಶಾಲೆಯ ಶುಲ್ಕ, ತೆರಿಗೆ ಇವನ್ನು 12 ಭಾಗ ಮಾಡಿ ತಿಂಗಳು ತಿಂಗಳು ತೆಗೆದಿಡುವುದಕ್ಕೂ ಇದೇ ದಾರಿ. ಈ ನಿಯಮಕ್ಕೆ ಆ ಸಾಫ್ಟ್‌ವೇರೇ ಬೇಕು ಅಂತಿಲ್ಲ, ಯಾವುದರಲ್ಲಾದರೂ ಮಾಡಬಹುದು.

ಪಾಸ್‌ವರ್ಡ್ ವಿಷಯದಲ್ಲಿ ನನ್ನದು ಇನ್ನೂ ಬಿಗಿ. ಬ್ಯಾಂಕಿನ ಪಾಸ್‌ವರ್ಡನ್ನು ಇನ್ನೊಂದು ಆ್ಯಪ್‌ಗೆ ಕೊಡಲೇಬಾರದು. ಖರ್ಚು ಬರೆಯುವ ಆ್ಯಪ್ ಫೋನಿನ ಎಲ್ಲ ಮೆಸೇಜ್ ಓದುತ್ತೇನೆ ಅಂತ ಅನುಮತಿ ಕೇಳಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಒಂದು ಮನೆ ಎಲ್ಲಿ ಚಿಕಿತ್ಸೆಗೆ ಹೋಗುತ್ತದೆ, ಯಾರಿಗೆ ಸಾಲ ತೀರಿಸುತ್ತಿದೆ, ಯಾವ ತಿಂಗಳು ಕೈ ಖಾಲಿಯಾಗಿತ್ತು ಅನ್ನುವುದೆಲ್ಲ ಆ ಲೆಕ್ಕದಲ್ಲಿದೆ. ಅದನ್ನು ಯಾರದೋ ಜಾಹೀರಾತಿನ ವ್ಯಾಪಾರಕ್ಕೆ ಕೊಡೋಕೆ ನನಗೆ ಮನಸ್ಸಿಲ್ಲ.

ಮನೆಯೊಳಗೂ ಇದೇ ಎಚ್ಚರ ಬೇಕು. ಗಂಡ ಹೆಂಡತಿ ಇಬ್ಬರೂ ಲೆಕ್ಕ ನೋಡುವಂತಿರಬೇಕು, ಇಬ್ಬರೂ ಬರೆಯುವಂತಿರಬೇಕು. ಒಬ್ಬರು ಬರೆದು ಇನ್ನೊಬ್ಬರು ಉತ್ತರ ಕೊಡುವ ಹಾಗಾದರೆ ಅದು ವಿಚಾರಣೆ ಆಗುತ್ತದೆ. ಸಂಪಾದಿಸುವವರು ಒಬ್ಬರೇ ಇರುವ ಮನೆಗಳಲ್ಲಿ ಇದು ಬೇಗ ಆಗಿಬಿಡುತ್ತದೆ. ಅದಕ್ಕೆ ಇಬ್ಬರ ಹೆಸರಿನಲ್ಲೂ ಕೈಖರ್ಚು ಅಂತ ಒಂದೊಂದು ಬಾಬ್ತು ಇಡಬೇಕು, ಮೊತ್ತ ಇಬ್ಬರಿಗೂ ಸಮ. ಅದಕ್ಕೆ ಎಷ್ಟು ಹೋಯಿತು ಅಂತ ಬರೆದರೆ ಸಾಕು, ಯಾವುದಕ್ಕೆ ಅಂತ ಯಾರೂ ಕೇಳಬಾರದು. ಸಾಫ್ಟ್‌ವೇರ್‌ನಲ್ಲಿ ಇದೊಂದು ಸಾಲು ಅಷ್ಟೇ, ಆದರೆ ಆ ಸಾಲು ಇಲ್ಲದ ಕಡೆ ಜನ ಲೆಕ್ಕವನ್ನು ಬಚ್ಚಿಡೋಕೆ ಶುರುಮಾಡುತ್ತಾರೆ. ಆಮೇಲೆ ಎಂಥ ಒಳ್ಳೆಯ ಸಾಫ್ಟ್‌ವೇರ್ ಇದ್ದೂ ಪ್ರಯೋಜನ ಇಲ್ಲ.

ಕೊನೆಯದಾಗಿ, ಲೆಕ್ಕ ಇಡುವವರಿಗೆ ಏನಾದರೂ ಆದರೆ ಉಳಿದವರು ಆ ಫೈಲ್ ತೆರೆಯಬಲ್ಲರಾ ಅಂತ ಯೋಚಿಸಿ. ಖಾತೆಗಳು ಎಲ್ಲೆಲ್ಲಿವೆ, ವಿಮೆ ಯಾವ ಕಂಪನಿಯದು, ಸಾಲ ಎಷ್ಟು ಬಾಕಿ, ನಾಮಿನಿ ಯಾರು, ಇದೆಲ್ಲ ಒಬ್ಬರ ಫೋನಿನೊಳಗೇ ಬೀಗ ಹಾಕಿಕೊಂಡು ಕೂತಿರುವ ಮನೆಗಳು ಎಷ್ಟೋ ಇವೆ. ದುಃಖದ ಹೊತ್ತಲ್ಲಿ ಆ ಮನೆಯವರು ಹುಡುಕುತ್ತಾ ಕೂರಬೇಕಾಗುತ್ತದೆ. ವರ್ಷಕ್ಕೊಮ್ಮೆ ಖಾತೆಗಳ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಲೆಕ್ಕದ ಫೈಲ್‌ನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಹಾಕಿ. ಎರಡನ್ನೂ ಮನೆಯ ದಾಖಲೆಗಳ ಜೊತೆ ಇಟ್ಟು, ಎಲ್ಲಿಟ್ಟಿದ್ದೀರಿ ಅಂತ ಮನೆಯಲ್ಲಿ ಹೇಳಿ. ಸಾಧ್ಯವಾದರೆ ಒಂದು ಸಲ ಅವರ ಕೈಯಿಂದಲೇ ಆ ಫೈಲ್ ತೆರೆಸಿ ನೋಡಿ.